ಎಣ್ಣಿ ಹೊಡೆದ ಹೊಲಕ್ಕೆ ಮರುದಿನ ಇಳಿಯೋರು ಯಾರು?

ಮಸೂತಿ ಕಡೆ ತೊಗರಿಗೆ ಎಣ್ಣಿ ಹೊಡಿಯೋರು ಹೆಚ್ಚಾಗಿ ಗಂಡಸರು. ಮರುದಿನ ಕಸ ತೆಗಿಲಿಕ್ಕೆ ಇಳಿಯೋರು, ಎಣ್ಣಿ ಬಿದ್ದ ಅಂಗಿ ಒಗೆಯೋರು ಹೆಣ್ಣುಮಕ್ಕಳು. ವಿಷ ಇಬ್ಬರಿಗೂ ತಾಗತೈತಿ.

ಕಾಸರಗೋಡಿನ ಪಡ್ರೆಯಲ್ಲಿ ಗೇರುತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿನ 117 ಗಂಡುಮಕ್ಕಳಲ್ಲಿ ಪ್ರಾಯಕ್ಕೆ ಬರುವುದು ತಡವಾಗಿತ್ತು. ವಿಷ ತಾಗದ ಊರಿನ ಹುಡುಗರಿಗಿಂತ ಟೆಸ್ಟೋಸ್ಟಿರಾನ್ ಹಾರ್ಮೋನ್ ಕಡಿಮೆಯಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಈ ಔಷಧಿಯನ್ನು ತಡೆಯಿತು.

ಆ ಅಧ್ಯಯನ ಹುಡುಗರದ್ದು ಮಾತ್ರ. ಹಾರ್ಮೋನ್ ಬೇರೆಯಾದರೆ ಪರಿಣಾಮವೂ ಬೇರೆಯಾಗಬಹುದು. ಹೆಣ್ಣುಮಕ್ಕಳನ್ನು, ಹಾರ್ಮೋನ್ ಚಿಕಿತ್ಸೆ ಪಡೆಯುವ ಲಿಂಗತ್ವ ಅಲ್ಪಸಂಖ್ಯಾತರನ್ನು ಗಂಡಸರ ಲೆಕ್ಕದಾಗ ಅಳೆಯೋದು ಸರಿಯಲ್ಲ.

ಅದಕ್ಕ ಡಬ್ಬಿಯ ಚೀಟಿ ಓದ್ರಿ. ಅದರಲ್ಲಿ ಹೇಳಿದ ಅವಧಿ ಮುಗಿಯೋತನಕ ಯಾರನ್ನೂ ಹೊಲಕ್ಕ ಇಳಿಸಬ್ಯಾಡ್ರಿ. ಬಸುರಿಯರನ್ನು ದೂರ ಇಡ್ರಿ. ಎಣ್ಣಿ ಬಟ್ಟೆ ಬ್ಯಾರೆ ಇಟ್ಟು, ನೀವೇ ಒಗೀರಿ.