ನಾದ ಬದಲಿಸುವ ಬೆರಳು

ಬಸವ ಜಯಂತಿಯ ವೇದಿಕೆಯಿರಲಿ, ಶ್ರಾವಣ ಮಾಸದ ಪ್ರವಚನಕ್ಕೆ ಮುನ್ನ ನಡೆಯುವ ವಚನ ಗಾಯನವಿರಲಿ, ಮಗಳ ಮದುವೆಯ ಆರತಕ್ಷತೆಯಿರಲಿ, ಗಾಯಕರ ಪಕ್ಕದಲ್ಲಿ ಕತ್ತರಿಯಾಕಾರದ ಸ್ಟ್ಯಾಂಡಿನ ಮೇಲೆ ಕೀಬೋರ್ಡ್ ನಿಂತಿರುವುದು ಈಗ ಸಾಮಾನ್ಯ ದೃಶ್ಯ. ತಬಲಾದವರು ಇರುತ್ತಾರೆ, ಹಾರ್ಮೋನಿಯಂ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದೇ ವಾದ್ಯದಿಂದ ಕೊಳಲು ಹೊರಡುತ್ತದೆ, ಮರುಕ್ಷಣ ಸಿತಾರ್, ಅದರ ಬೆನ್ನಿಗೇ ಹತ್ತಾರು ಪಿಟೀಲುಗಳ ಮೇಳ. ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ಗಾಯಕರ ಮುಖಕ್ಕಿಂತ ಹೆಚ್ಚಾಗಿ ಆ ವಾದಕನ ಕೈಗಳನ್ನೇ ನೋಡುತ್ತಿರುತ್ತಾರೆ. ಅನೇಕ ಮನೆಗಳಲ್ಲಿ ಮಕ್ಕಳಿಗೆ ಈ ವಾದ್ಯ ಕೊಡಿಸಿ ಪಾಠಕ್ಕೂ ಕಳುಹಿಸುತ್ತಿರುವುದರಿಂದ, ಕಾರ್ಯಕ್ರಮಗಳನ್ನು ಏರ್ಪಡಿಸುವವರೂ ನಮ್ಮ ಓದುಗರೇ ಆಗಿರುವುದರಿಂದ, ನಾದ ಬದಲಾಗುವ ಆ ಒಂದು ಕ್ಷಣದಲ್ಲಿ ಏನು ನಡೆಯುತ್ತದೆ ಎಂಬುದನ್ನು ತುಸು ವಿವರವಾಗಿ ನೋಡುವುದು ಉಚಿತವೆಂದು ಭಾವಿಸಿದ್ದೇವೆ.

ಯಂತ್ರದ ವಾದ್ಯವೆಂದು ಮೂಗು ಮುರಿಯುವ ಹಿರಿಯರಿಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು. ನಮ್ಮದೇ ಎಂದು ನಾವು ಅಪ್ಪಿಕೊಂಡಿರುವ ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದುದೇ. 19ನೆಯ ಶತಮಾನದ ಫ್ರಾನ್ಸಿನಲ್ಲಿ ಹುಟ್ಟಿದ ಆ ವಾದ್ಯ ಬಂಗಾಳದಲ್ಲಿ ಕೈತಿದಿಯ ರೂಪ ಪಡೆದು ದೇಶವನ್ನೆಲ್ಲ ವ್ಯಾಪಿಸಿತು. ಆಕಾಶವಾಣಿಯು 1940ರಲ್ಲಿ ಅದನ್ನು ತನ್ನ ನಿಲಯಗಳಿಂದ ಹೊರಗಿಟ್ಟಿತು; ಆ ನಿರ್ಬಂಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಅಷ್ಟೇ ಅಲ್ಲ, ಹಾರ್ಮೋನಿಯಂ ಮುಂಭಾಗದ ಗುಂಡಿಗಳನ್ನು ಎಳೆದು ಖರ್ಜ, ನರ ಸ್ವರಪಟ್ಟಿಗಳನ್ನು ತೆರೆಯುವುದೂ ಮುಚ್ಚುವುದೂ ನಾದ ಬದಲಿಸುವ ಕ್ರಿಯೆಯೇ. ಹಾಡು ಆರಂಭವಾಗುವ ಮುನ್ನವೇ ಆ ಗುಂಡಿಗಳನ್ನು ನಿಗದಿಮಾಡಿಕೊಂಡು, ನಡುವೆ ಬೇಕೆನಿಸಿದಾಗ ಯಾರಿಗೂ ತಿಳಿಯದಂತೆ ಒಂದನ್ನು ಒತ್ತಿಬಿಡುವ ಹಳೆಯ ಪೇಟಿ ಮಾಸ್ತರರನ್ನು ಕಂಡವರಿಗೆ ಈ ಲೇಖನದ ಅರ್ಧ ಭಾಗ ಗೊತ್ತಿರುವುದೇ ಆಗಿದೆ.

ವ್ಯತ್ಯಾಸವಿರುವುದು ಸಂಖ್ಯೆಯಲ್ಲಿ. ಬೇರೆ ಬೇರೆ ಕಂಪನಿಗಳ ಎಲೆಕ್ಟ್ರಾನಿಕ್ ವಾದ್ಯಗಳು ಪರಸ್ಪರ ಮಾತನಾಡಲು 1983ರಲ್ಲಿ ‘ಮಿಡಿ’ ಎಂಬ ಸಂಕೇತ ಪದ್ಧತಿ ಬಳಕೆಗೆ ಬಂದಿತು. ನಾದವನ್ನು ಬದಲಿಸು ಎಂಬ ಆಜ್ಞೆಯೂ ಅದರಲ್ಲಿ ಒಂದು ಅಂಕಿಯಷ್ಟೇ. ಅಂಥ ಅಂಕಿಗಳು ಒಟ್ಟು 128. ಯಾವ ಅಂಕಿಗೆ ಯಾವ ವಾದ್ಯವೆಂದು 1991ರಲ್ಲಿ ‘ಜನರಲ್ ಮಿಡಿ’ ಪಟ್ಟಿ ನಿಗದಿಪಡಿಸಿತು. ಆ 128ರಲ್ಲಿ ನಮ್ಮ ನಾಡಿನವೆಂದು ಹೆಸರಿಸಬಹುದಾದವು ಎರಡೇ: 105ನೆಯದು ಸಿತಾರ್, 112ನೆಯದು ಶಹನಾಯಿ. ತಬಲಾಕ್ಕೆ ಅಲ್ಲಿ ಸ್ಥಾನವಿರಲಿಲ್ಲ, ವೀಣೆಗೂ ಇರಲಿಲ್ಲ. ಭಾರತದ ಮಾರುಕಟ್ಟೆಗೆಂದೇ ತಯಾರಾದ ಯಮಹಾದ ಪಿಎಸ್‌ಆರ್-ಐ ಸಾಲಿನ ವಾದ್ಯಗಳಲ್ಲಿಯೂ ರೋಲ್ಯಾಂಡ್ ಎಕ್ಸ್‌ಪಿಎಸ್-10ರಂಥವುಗಳಲ್ಲಿಯೂ ಮುಂದೆ ಆ ಕೊರತೆ ಬಹುಮಟ್ಟಿಗೆ ತುಂಬಿತು. ಇಂದು ಸಾಧಾರಣ ಬೆಲೆಯ ವಾದ್ಯದಲ್ಲಿಯೂ ನೂರಾರು ನಾದಗಳಿರುತ್ತವೆ. ಕಷ್ಟ ಶುರುವಾಗುವುದೂ ಅಲ್ಲಿಂದಲೇ. ನೂರಾರರಲ್ಲಿ ಒಂದನ್ನು ಹಾಡಿನ ನಡುವೆ ಹುಡುಕುವುದೆಂದರೆ, ಊಟದ ಪಂಕ್ತಿಯಲ್ಲಿ ಬಡಿಸುತ್ತ ಬಡಿಸುತ್ತ ಉಗ್ರಾಣಕ್ಕೆ ಓಡಿಹೋಗಿ ಉಪ್ಪಿನ ಭರಣಿ ಹುಡುಕಿದಂತೆ.

ಆದ್ದರಿಂದ ಅನುಭವಿ ವಾದಕರು ವೇದಿಕೆಯ ಮೇಲೆ ಏನನ್ನೂ ಹುಡುಕುವುದಿಲ್ಲ. ಅಂದಿನ ಹಾಡುಗಳಿಗೆ ಬೇಕಾದ ನಾದಗಳನ್ನು ಮನೆಯಲ್ಲಿಯೇ ಆಯ್ದು, ವಾದ್ಯದ ಮೆಮೊರಿ ಗುಂಡಿಗಳಲ್ಲಿ ಹಾಡಿನ ಕ್ರಮಕ್ಕೆ ತಕ್ಕಂತೆ ಕೂಡಿಸಿಟ್ಟುಕೊಂಡಿರುತ್ತಾರೆ. ಎಡಗೈಯ ಭಾಗಕ್ಕೆ ತಂಬೂರಿಯ ಅಥವಾ ಮೆಲುವಾದ ಪಿಟೀಲು ಮೇಳದ ನಾದ, ಬಲಗೈಗೆ ಕೊಳಲು ಎಂದು ಮನೆಗಳನ್ನು ಇಬ್ಭಾಗ ಮಾಡಿಕೊಳ್ಳುವುದೂ ಉಂಟು. ಗುಂಡಿ ಒತ್ತಿದೊಡನೆ ಹಿಂದಿನ ನಾದ ಕತ್ತರಿಸಿದಂತೆ ನಿಂತುಹೋಗುವುದು ಹಳೆಯ ಮತ್ತು ಅಗ್ಗದ ಯಂತ್ರಗಳ ದೋಷ. ಬೆರಳು ಎತ್ತುವವರೆಗೆ ಹಿಂದಿನ ನಾದವನ್ನು ಉಳಿಸಿಕೊಳ್ಳುವ ಸೌಲಭ್ಯ 2011ರ ಕೋರ್ಗ್ ಕ್ರೋನೋಸ್‌ನಂಥ ದುಬಾರಿ ಯಂತ್ರಗಳಲ್ಲಿ ಬಂದಿದೆ. ಅದಿಲ್ಲದವರು ಎರಡು ನಾದಗಳನ್ನು ಒಂದರ ಮೇಲೊಂದು ಜೋಡಿಸಿಟ್ಟುಕೊಂಡು, ಒಂದನ್ನು ಮೆಲ್ಲನೆ ಇಳಿಸುತ್ತ ಇನ್ನೊಂದನ್ನು ಏರಿಸುತ್ತಾರೆ. ಕೇಳುವವರಿಗೆ ಬದಲಾವಣೆಯಾದದ್ದೇ ತಿಳಿಯುವುದಿಲ್ಲ. ನಮ್ಮ ಮಟ್ಟಿಗೆ ಇದೇ ಉತ್ತಮ ಮಾರ್ಗ.

ಇಲ್ಲೊಂದು ಹಳ್ಳವಿದೆ, ಅನೇಕರು ಅದರಲ್ಲಿ ಬೀಳುತ್ತಾರೆ. ಗಾಯಕರ ಶ್ರುತಿ ಕರಿ ಒಂದು ಎಂದಿಟ್ಟುಕೊಳ್ಳೋಣ. ಮೈಸೂರು ಸೀಮೆಯವರು ಇದನ್ನೇ ಒಂದೂವರೆ ಮನೆ ಎನ್ನುತ್ತಾರೆ. ವಾದಕನು ‘ಟ್ರಾನ್ಸ್‌ಪೋಸ್’ ಗುಂಡಿಯಿಂದ ವಾದ್ಯವನ್ನು ಅರ್ಧ ಸ್ವರ ಏರಿಸಿ, ತನಗೆ ರೂಢಿಯಾದ ಬಿಳಿ ಒಂದರ ಮನೆಯಲ್ಲಿಯೇ ನುಡಿಸುತ್ತಿರುತ್ತಾನೆ. ಅನೇಕ ಯಂತ್ರಗಳಲ್ಲಿ ಮೆಮೊರಿಯು ನಾದದ ಜೊತೆಗೆ ಈ ಏರಿಕೆಯನ್ನೂ ನೆನಪಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಏರಿಕೆಯಿಲ್ಲದೆ ಕೂಡಿಸಿಟ್ಟ ಸಿತಾರಿನ ಗುಂಡಿಯನ್ನು ನಡುವೆ ಒತ್ತಿದರೆ ಸಿತಾರೇನೋ ಬರುತ್ತದೆ, ಆದರೆ ಶ್ರುತಿ ಅರ್ಧ ಸ್ವರ ಕುಸಿದಿರುತ್ತದೆ. ಗಾಯಕಿಯ ಕಣ್ಣು ಥಟ್ಟನೆ ವಾದಕನ ಕಡೆ ಹೊರಳುವುದನ್ನು, ತಬಲಾದವರು ತಲೆ ತಗ್ಗಿಸುವುದನ್ನು ನಾವು ಒಂದಕ್ಕಿಂತ ಹೆಚ್ಚು ಸಭೆಗಳಲ್ಲಿ ಕಂಡಿದ್ದೇವೆ. ಶ್ರುತಿ ಗೊತ್ತಾದ ಬಳಿಕ ಪ್ರತಿಯೊಂದು ಮೆಮೊರಿಯನ್ನೂ ಆ ಶ್ರುತಿಯಲ್ಲಿಯೇ ಮತ್ತೆ ಕೂಡಿಸಿಡುವುದೊಂದೇ ಇದಕ್ಕೆ ಭದ್ರವಾದ ಪರಿಹಾರ. ಹಾಗೆ ಮಾಡಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ವಾದಕನಿಗೆ ಕೊಡುವ ವ್ಯವಸ್ಥಾಪಕರು ಎಷ್ಟು ಮಂದಿ? ಸ್ವಾಗತ ಭಾಷಣದ ಮೈಕು ಪರೀಕ್ಷೆ ಮುಗಿಯುವುದೇ ತಡ, ಪ್ರಾರ್ಥನೆ ಆರಂಭಿಸಿ ಎಂದು ಕೈಸನ್ನೆ ಮಾಡುವವರೇ ಬಹಳ.

ಚಿತ್ರಗೀತೆಗಳಿಗೆ ನುಡಿಸುವವರಿಗೆ ಒಂದು ಅನುಕೂಲವಿದೆ. ಪಲ್ಲವಿ ಮುಗಿದ ಮೇಲೆ ಎಷ್ಟು ಆವರ್ತ ವಾದ್ಯಸಂಗೀತ, ಅದರಲ್ಲಿ ಎಲ್ಲಿಯವರೆಗೆ ಪಿಟೀಲು, ಎಲ್ಲಿಂದ ಕೊಳಲು ಎಂಬುದೆಲ್ಲ ಧ್ವನಿಮುದ್ರಿಕೆಯಲ್ಲಿ ನಿಶ್ಚಿತವಾಗಿರುತ್ತದೆ. ಎಣಿಸಿ ಗುಂಡಿ ಒತ್ತಿದರಾಯಿತು. ವಚನ ಗಾಯನದಲ್ಲಿ ಈ ಎಣಿಕೆ ನಡೆಯುವುದಿಲ್ಲ. ವಚನದ ಸಾಲುಗಳು ಒಂದೇ ಅಳತೆಯವಲ್ಲ. ಒಂದು ಸಾಲು ಎರಡು ಮಾತಿನದು, ಮುಂದಿನದು ಹತ್ತು ಮಾತಿನದು. ಗಾಯಕರು ಒಂದು ಶಬ್ದದ ಮೇಲೆ ನಿಂತು ರಾಗವನ್ನು ಬೆಳೆಸಬಹುದು, ಸಾಲನ್ನು ಮೂರು ಸಲ ಮೂರು ರೀತಿಯಲ್ಲಿ ಹೇಳಬಹುದು. ಮಲ್ಲಿಕಾರ್ಜುನ ಮನ್ಸೂರರಂಥವರು ವಚನಗಳನ್ನು ಹಾಡುವಾಗ ಸಾಹಿತ್ಯದ ಅರ್ಥವೇ ರಾಗವಿಸ್ತಾರವನ್ನು ನಡೆಸುತ್ತಿತ್ತು. ಇಂಥಲ್ಲಿ ವಾದಕನು ಬೆರಳಿನಿಂದ ಎಣಿಸುವುದನ್ನು ಬಿಟ್ಟು ಕಿವಿಯಿಂದ ಕಾಯಬೇಕಾಗುತ್ತದೆ. ಗಾಯಕರು ಉಸಿರು ತೆಗೆದುಕೊಳ್ಳುವ ತಾಣ, ತಬಲಾದ ತಿಹಾಯಿ ಮುಗಿದು ಸಮಕ್ಕೆ ಬರುವ ತಾಣ, ಇವೆರಡೇ ನಾದ ಬದಲಿಸಲು ಯೋಗ್ಯವಾದ ಸ್ಥಳಗಳು. ಮಾತು ನಡೆಯುತ್ತಿರುವಾಗ ಬದಲಿಸಿದರೆ ಕೇಳುವವರ ಮನಸ್ಸು ಮಾತನ್ನು ಬಿಟ್ಟು ವಾದ್ಯದ ಕಡೆಗೆ ಹಾರುತ್ತದೆ. ಕೊನೆಯಲ್ಲಿ ಕೂಡಲಸಂಗಮದೇವ ಎಂದೋ ಚೆನ್ನಮಲ್ಲಿಕಾರ್ಜುನ ಎಂದೋ ಅಂಕಿತ ಬರುವಾಗಲಂತೂ ಇದ್ದ ನಾದವನ್ನು ಇನ್ನಷ್ಟು ಇಳಿಸುವುದೇ ಲೇಸು. ಅಂಕಿತಕ್ಕೆ ಸರಿಯಾಗಿ ಸಿನಿಮಾದ ಮುಕ್ತಾಯದಂತೆ ಪಿಟೀಲು ಮೇಳವನ್ನು ಅಬ್ಬರಿಸುವ ಪದ್ಧತಿ ಈಚೆಗೆ ಹೆಚ್ಚುತ್ತಿದೆ. ಅದು ನಮಗೆ ಒಪ್ಪಿಗೆಯಾಗದು.

ನಾದ ಬದಲಾದ ಮೇಲೆ ಕೈಯೂ ಬದಲಾಗಬೇಕೆಂಬುದನ್ನು ಪಾಠ ಹೇಳುವವರು ಮರೆಯುತ್ತಾರೆ. ಕೊಳಲು ಊದುವವನು ಏಕಕಾಲಕ್ಕೆ ಮೂರು ಸ್ವರ ಊದಲಾರ. ಆದ್ದರಿಂದ ಕೊಳಲಿನ ನಾದದಲ್ಲಿ ಒಂದೇ ಸ್ವರ ನುಡಿಯಬೇಕು, ನಡುವೆ ಉಸಿರಿಗೆ ಎಡೆಯಿರಬೇಕು. ಸಿತಾರಿನಲ್ಲಿ ಪ್ರತಿಯೊಂದು ಒತ್ತಿಗೂ ಹೊಸದಾಗಿ ಮೀಟಿದ ಸದ್ದು ಬರುತ್ತದೆ. ಮೀಂಡ್ ಬೇಕಾದರೆ ಎಡಬದಿಯ ಪಿಚ್ ಚಕ್ರವನ್ನು ತಿರುಗಿಸಬೇಕು. ಅದು ಸಾಮಾನ್ಯವಾಗಿ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರ್ಧ ಸ್ವರಗಳಷ್ಟು ಜಾರುವಂತೆ ಹೊಂದಿಸಲ್ಪಟ್ಟಿರುತ್ತದೆ. ಇನ್ನು ಗಾಂಧಾರದ ವಿಷಯ. ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಕೀಬೋರ್ಡಿನ ಗಾಂಧಾರ ಸುಮಾರು 14 ಸೆಂಟ್ ಎತ್ತರದಲ್ಲಿದೆ. ಒಂದು ಅರ್ಧ ಸ್ವರಕ್ಕೆ 100 ಸೆಂಟ್ ಎಂದು ಲೆಕ್ಕ. ಮೀಟಿ ಆರಿಹೋಗುವ ಸಿತಾರಿನ ನಾದದಲ್ಲಿ ಈ ಅಂತರ ಮರೆಯಾಗುತ್ತದೆ. ಪಿಟೀಲು ಮೇಳದ ನಾದದಲ್ಲಿ ಅದೇ ಗಾಂಧಾರವನ್ನು ಹಿಡಿದು ನಿಲ್ಲಿಸಿದರೆ ತಂಬೂರಿಯೊಡನೆ ಕಚ್ಚಾಡುವುದು ಬರಿಗಿವಿಗೇ ಕೇಳುತ್ತದೆ. ನಿಧಾನವಾದ ಹಾಡಿಗೆ ದೀರ್ಘವಾಗಿ ನಿಲ್ಲುವ ನಾದವನ್ನು ಆರಿಸುವವರು ಷಡ್ಜ ಪಂಚಮಗಳನ್ನಷ್ಟೇ ಹಿಡಿದರೆ ಕ್ಷೇಮ.

ಧ್ವನಿವರ್ಧಕದವರ ಮಾತನ್ನೂ ಆಡಬೇಕು. ಅವರು ಮೊದಲ ಹಾಡಿನ ಕೊಳಲಿಗೆ ಹೊಂದುವಂತೆ ಮಟ್ಟವನ್ನಿಟ್ಟು ಚಹಾ ಕುಡಿಯಲು ಹೋಗಿರುತ್ತಾರೆ. ಮುಂದಿನ ಶಹನಾಯಿ ನಾದ ಅದಕ್ಕಿಂತ ಬಹಳ ತಾರವಾದದ್ದು. ಎಲ್ಲ ನಾದಗಳ ಗಟ್ಟಿತನವನ್ನು ಸಮಮಾಡಿ ಕೂಡಿಸಿಡುವುದು ವಾದಕನದೇ ಹೊಣೆ. ಗಟ್ಟಿತನವನ್ನು ಕಿವಿಯ ಹೆಡ್‌ಫೋನಿನಲ್ಲಿ ಅಳೆಯದೆ ದೊಡ್ಡ ಪೆಟ್ಟಿಗೆಯಲ್ಲಿ ಕೇಳಿ ಅಳೆಯಬೇಕು. ಮಕ್ಕಳ ವಾದ್ಯಗಳಲ್ಲಿ ‘ಡೆಮೊ’ ಎಂಬೊಂದು ಗುಂಡಿಯಿರುತ್ತದೆ. ನಾದದ ಗುಂಡಿಯೆಂದು ಅದನ್ನು ಒತ್ತಿದರೆ ಪ್ರಾರ್ಥನೆಯ ನಡುವೆ ಪಾಶ್ಚಾತ್ಯ ಕುಣಿತದ ಸಂಗೀತ ಮೊಳಗುತ್ತದೆ. ಸಭೆ ನಗುತ್ತದೆ, ಮಗು ಅಳುತ್ತದೆ. ಕಾರ್ಯಕ್ರಮಕ್ಕೆ ಮುನ್ನ ಆ ಗುಂಡಿಯ ಮೇಲೆ ಒಂದು ತುಂಡು ಅಂಟುಪಟ್ಟಿ ಹಚ್ಚಿದರೆ ಸಾಕು.

ಕಣ್ಣು ಕಾಣದ ಕಲಾವಿದರಿಗೆ ಈ ಗುಂಡಿಗಳ ಪ್ರಶ್ನೆ ಬದುಕಿನ ಪ್ರಶ್ನೆ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅರಿಯದ ಮನೆ ನಮ್ಮಲ್ಲಿಲ್ಲ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ದೃಷ್ಟಿಹೀನ ಮಕ್ಕಳಿಗೆ ಸಂಗೀತವನ್ನೇ ಅನ್ನದ ದಾರಿಯಾಗಿಸಿದರು. ಹಾರ್ಮೋನಿಯಂ ಎಲ್ಲಿ ಮುಟ್ಟಿದರೂ ಗುರುತು ಸಿಗುವ ವಾದ್ಯ. ಎತ್ತರಿಸಿದ ಗುಂಡಿಗಳುಳ್ಳ ಕೀಬೋರ್ಡ್ ಕೂಡ ಹಾಗೆಯೇ. ಮೂರನೆಯ ಗುಂಡಿಯ ಮೇಲೊಂದು ಅಂಟುಚುಕ್ಕೆಯಿಟ್ಟರೆ ಕೈ ತಾನಾಗಿ ದಾರಿ ಕಂಡುಕೊಳ್ಳುತ್ತದೆ, ಕಾಲಿನ ಪೆಡಲಿಗೆ ಮುಂದಿನ ನಾದವನ್ನು ಜೋಡಿಸಿದರೆ ಕೈಯನ್ನೂ ಎತ್ತಬೇಕಾಗಿಲ್ಲ. ಆದರೆ ದುಬಾರಿ ಯಂತ್ರಗಳಲ್ಲಿ ಗುಂಡಿಗಳ ಸ್ಥಾನವನ್ನು ಗಾಜಿನ ಸ್ಪರ್ಶಪರದೆ ಆಕ್ರಮಿಸುತ್ತಿದೆ. ನುಣುಪಾದ ಗಾಜಿನ ಮೇಲೆ ಬೆರಳಿಗೆ ಯಾವ ಗುರುತೂ ಸಿಗದು. ಶಾಲೆಗೋ ಮಠಕ್ಕೋ ಅಂಧ ಕಲಾವಿದರಿಗೋ ಕೀಬೋರ್ಡನ್ನು ದಾನವಾಗಿ ಕೊಡುವ ಸದುದ್ದೇಶವುಳ್ಳ ಮಹನೀಯರು, ಹೊಳೆಯುವ ಪರದೆಗೆ ಮರುಳಾಗದೆ, ನುಡಿಸುವವರನ್ನೇ ಅಂಗಡಿಗೆ ಕರೆದೊಯ್ದು ಮುಟ್ಟಿ ನೋಡಲು ಹೇಳಬೇಕೆಂದು ವಿನಂತಿಸುತ್ತೇವೆ.

ಒಬ್ಬನೇ ಐದು ವಾದ್ಯ ನುಡಿಸುವುದರಿಂದ ನಾಲ್ವರ ದಕ್ಷಿಣೆ ಉಳಿಯಿತೆಂದು ಲೆಕ್ಕ ಹಾಕುವ ಸಮಿತಿಗಳಿವೆ. ಊರಿನಲ್ಲಿಯೇ ಕೊಳಲು ನುಡಿಸುವವರಿದ್ದಾಗ ಕೀಬೋರ್ಡಿನ ಕೊಳಲಿಗೆ ಅವರನ್ನು ಬಲಿಕೊಡುವುದು ನ್ಯಾಯವಲ್ಲ. ಯಾರೂ ಸಿಗದ ಕಡೆ ಕೀಬೋರ್ಡ್ ಬರಲಿ. ಬಂದಾಗ ಆ ಒಬ್ಬನಿಗೆ ಒಬ್ಬನ ಅರ್ಧ ಸಂಭಾವನೆ ಕೊಟ್ಟು ಕಳುಹಿಸುವುದು ಬೇಡ.

ಕೊನೆಗೆ ಕರೆಂಟಿನ ವಿಚಾರ. ಹಳ್ಳಿಯ ಸಭೆಗಳಲ್ಲಿ ವಿದ್ಯುತ್ತು ಹೋದರೆ ಹಾರ್ಮೋನಿಯಂ ಕತ್ತಲಲ್ಲಿಯೂ ಮುಂದುವರಿಯುತ್ತದೆ. ಕೀಬೋರ್ಡ್ ನಿಂತುಹೋಗುತ್ತದೆ, ಮರಳಿ ವಿದ್ಯುತ್ತು ಬಂದಾಗ ಬಹುತೇಕ ಯಂತ್ರಗಳು ಪಿಯಾನೋ ನಾದದಲ್ಲಿ, ಏರಿಕೆಯಿಲ್ಲದ ಶ್ರುತಿಯಲ್ಲಿ ಎಚ್ಚರಗೊಳ್ಳುತ್ತವೆ. ಅಷ್ಟರಲ್ಲಿ ಗಾಯಕರು ಎರಡನೆಯ ಸಾಲಿನಲ್ಲಿರುತ್ತಾರೆ. ಸಣ್ಣ ವಾದ್ಯಗಳಿಗೆ ಸಾಮಾನ್ಯವಾಗಿ ಆರು ಬ್ಯಾಟರಿ ಸೆಲ್ಲುಗಳನ್ನು ಹಾಕುವ ಗೂಡಿರುತ್ತದೆ. ಹೊಸ ಸೆಲ್ಲುಗಳನ್ನು ಹಾಕಿಕೊಂಡೇ ಮನೆಯಿಂದ ಹೊರಟರೆ ದೀಪ ಆರಿದರೂ ವಾದ್ಯ ಆರದು.