ಬಾಲ್ಕನಿಯ ಬಿಸಿಲು, ಬೋರ್‌ವೆಲ್ ನೀರು

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ರಾಶಿ ಕಂಡವರಿಗೆ ಮನೆಯ ಬಾಲ್ಕನಿಯಲ್ಲೂ ನಾಲ್ಕು ಗಿಡ ಹಾಕೋಣ ಎನಿಸುವುದು ಸಹಜ. ಮೊದಲ ವರ್ಷ ಬೇಡವೇ ಬೇಡ. ಟೊಮೆಟೊಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ತಲೆಯ ಮೇಲೆ ಇನ್ನೊಂದು ಮಹಡಿಯಿರುವ ಬಾಲ್ಕನಿಯಲ್ಲಿ ಅಷ್ಟು ಸಿಗುವುದು ಅಪರೂಪ. ಸುತ್ತಲಿನ ತೋಟಗಳಿಂದ ಬರುವ ಬಿಳಿನೊಣ ಎಲೆ ಮುದುಡು ರೋಗವನ್ನೂ ಹೊತ್ತು ತರುತ್ತದೆ. ಶ್ರೀನಿವಾಸಪುರದಿಂದ ಮಾವಿನ ಕಸಿಗಿಡ ತಂದು ಟಬ್ಬಿನಲ್ಲಿ ನೆಡುವ ಯೋಚನೆಯನ್ನೂ ಬಿಡಿ. ಬಸ್ಸಾರು, ಮಸ್ಸೊಪ್ಪು ಉಣ್ಣುವ ನಮ್ಮ ಸೀಮೆಗೆ ಬಾಲ್ಕನಿಯಲ್ಲಿ ಒದಗುವ ಬೆಳೆ ಸೊಪ್ಪು. ಮೂರು ನಾಲ್ಕು ಗಂಟೆಯ ಬಿಸಿಲಿಗೂ ಅದು ಬರುತ್ತದೆ.

ಕುಂಡ ಕೊಳ್ಳುವ ಮೊದಲು ಬಿಸಿಲು ನೋಡಿಕೊಳ್ಳಿ. ಬೇರೆ ದೇಶದ ತೋಟಗಾರಿಕೆ ಪುಸ್ತಕಗಳು ದಕ್ಷಿಣದ ಬಾಲ್ಕನಿಯೇ ಉತ್ತಮ ಎನ್ನುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ಆ ಮಾತು ವರ್ಷವಿಡೀ ಸರಿಹೊಂದದು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆಗ ದಕ್ಷಿಣದ ಬಾಲ್ಕನಿಗೆ ನೆರಳು, ಉತ್ತರದ್ದಕ್ಕೆ ಬೆಳಿಗ್ಗೆ ಸಂಜೆ ಓರೆ ಬಿಸಿಲು. ಡಿಸೆಂಬರಿನಲ್ಲಿ ಇದು ತಿರುವುಮುರುವು: ದಕ್ಷಿಣದ ಬಿಸಿಲು ಬಾಲ್ಕನಿಯ ಒಳಗೋಡೆಯವರೆಗೂ ಬರುತ್ತದೆ. ಆದರೆ ಮುಂದಿನ ಗಿಡ್ಡ ಗೋಡೆ ನೆಲಕ್ಕೆ ನೆರಳು ಕವಿಸುವುದರಿಂದ ಕುಂಡಗಳನ್ನು ಸ್ಟ್ಯಾಂಡಿನ ಮೇಲೆ ಎತ್ತಿಡಬೇಕು. ಪೂರ್ವದ ಬಾಲ್ಕನಿಯವರು ಪುಣ್ಯವಂತರು, ವರ್ಷವಿಡೀ ಎಳೆಬಿಸಿಲು. ಪಶ್ಚಿಮದವರು ಮಾರ್ಚ್, ಏಪ್ರಿಲ್‌ನಲ್ಲಿ ಹಸಿರು ನೆರಳುಬಲೆ ಕಟ್ಟಲೇಬೇಕು.

ಆಮೇಲೆ ತೂಕ. ಕೆಂಪು ಮಣ್ಣನ್ನೇ ತುಂಬಿದ 20 ಲೀಟರಿನ ಟಬ್ಬು ನೀರು ಕುಡಿದರೆ ಸುಮಾರು 35 ಕೆ.ಜಿ. ತೂಗುತ್ತದೆ. ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿದರೆ 25ರ ಹತ್ತಿರಕ್ಕೆ ಇಳಿಯುತ್ತದೆ. ಭಾರವಾದ ಟಬ್ಬುಗಳು ಮನೆಯ ಗೋಡೆಯ ಪಕ್ಕವೇ ಇರಲಿ. ಹೊರಚಾಚಿದ ಬಾಲ್ಕನಿಯ ತುದಿಗೆ ಭಾರ ಹೇರಬಾರದು. ಕಂಬಿಯ ಹೊರಬದಿಗಂತೂ ಕುಂಡ ನೇತುಹಾಕಲೇಬೇಡಿ, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆಯಿದು. ಬೋರ್‌ವೆಲ್ಲಿನ ಗಡಸು ನೀರನ್ನೇ ಹಾಕುತ್ತಿದ್ದರೆ ಕೆಲವೇ ತಿಂಗಳಲ್ಲಿ ಮಣ್ಣಿನ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ. ಬೆರಳಿಂದ ಉಜ್ಜಿದರೆ ಸುಣ್ಣದಂತೆ ಉದುರುತ್ತದೆ. ಅದು ನೀರಿನಲ್ಲಿದ್ದ ಲವಣ. ಬೇರಿನ ಸುತ್ತಲೂ ಅದೇ ಸೇರಿಕೊಂಡು ಎಲೆಯ ತುದಿ ಒಣಗತೊಡಗುತ್ತದೆ. ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಇನ್ನೂ ಹೆಚ್ಚು, ಅದು ಗಿಡಕ್ಕೆ ಬೇಡ, ನೆಲ ಒರೆಸಲು ಸಾಕು. ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿ ಒಳ್ಳೆಯ ಮಳೆಯ ಕಾಲ. ಆಗ ಕುಂಡಗಳನ್ನು ಮಳೆಗೆ ಒಡ್ಡಿ, ತಳದ ತೂತಿನಿಂದ ನೀರು ಧಾರಾಳವಾಗಿ ಹರಿದುಹೋಗಲು ಬಿಟ್ಟರೆ ಉಪ್ಪು ತೊಳೆದುಹೋಗುತ್ತದೆ. ಕೆಳಮನೆಯವರು ಬಟ್ಟೆ ಒಣಹಾಕಿದ್ದಾರೆಯೇ ಎಂದು ಮೊದಲು ವಿಚಾರಿಸಿ.

ಬಿತ್ತನೆಗೆ ಆಳದ ಟಬ್ಬು ಬೇಕಿಲ್ಲ, ಗೇಣುದ್ದ ಮಣ್ಣಿದ್ದರೆ ಸೊಪ್ಪಿಗೆ ಸಾಕು. ಮೆಂತ್ಯವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಬೇಕು. ಮೊಳೆಯಲು ಅದು ವಾರದ ಮೇಲೆ ಹಿಡಿಯುತ್ತದೆ, ಕಾಯಬೇಕು. ದಂಟಿನಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯನ್ನು ಕೊಯ್ದಷ್ಟೂ ಮತ್ತೆ ಚಿಗುರುತ್ತದೆ. ಎಲ್ಲ ಟಬ್ಬಿಗೂ ಒಂದೇ ದಿನ ಬಿತ್ತದೆ ವಾರಕ್ಕೊಂದರಂತೆ ಬಿತ್ತಿ. ನಾಲ್ಕನೆಯದಕ್ಕೆ ಬೀಜ ಹಾಕಿ ವಾರ ಕಳೆಯುವುದರೊಳಗೆ ಮೊದಲನೆಯದರ ಮೆಂತ್ಯ ಸೊಪ್ಪು ಕೀಳಲು ಬಂದಿರುತ್ತದೆ.