ಹೆರಿಗೆ ರಜೆ ಮುಗಿದ ಮೇಲೆ

ಮಗುವಿನ ಜ್ಞಾನಸ್ನಾನದ ದಿನ ಗೊತ್ತುಮಾಡಲು ಬರುವ ತಾಯಂದಿರಲ್ಲಿ ಶಿಕ್ಷಕಿಯರು, ನರ್ಸ್‌ಗಳು, ಅಂಗಡಿ ಕಚೇರಿಗಳಲ್ಲಿ ದುಡಿಯುವವರು ಅನೇಕರು. ‘ಮತ್ತೆ ಕೆಲಸಕ್ಕೆ ಯಾವಾಗ?’ ಎಂದು ಕೇಳಿದರೆ ಹಲವರು ಗಂಡನ ಮುಖ ನೋಡುತ್ತಾರೆ. ಈ ವಿಷಯದಲ್ಲಿ ಕಾನೂನು ಏನೆನ್ನುತ್ತದೆ ಎಂಬುದನ್ನು ಅವರೂ, ಶಾಲೆ ಆಸ್ಪತ್ರೆ ನಡೆಸುವ ನಾವೂ ತಿಳಿದಿರುವುದು ಒಳ್ಳೆಯದು.

1961ರ ಹೆರಿಗೆ ಸೌಲಭ್ಯ ಕಾಯ್ದೆಯಡಿ ಸಂಬಳಸಹಿತ ರಜೆ 12 ವಾರವಿತ್ತು. 2017ರ ತಿದ್ದುಪಡಿ ಅದನ್ನು 26 ವಾರಕ್ಕೇರಿಸಿತು. ಈಗಾಗಲೇ ಇಬ್ಬರು ಮಕ್ಕಳಿರುವ ತಾಯಿಗೆ ಮಾತ್ರ 12 ವಾರವೇ ಉಳಿಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಲೆಕ್ಕವನ್ನು ಬದಲಿಸಿಲ್ಲ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ರಜೆಯಲ್ಲಿರುವಾಗ ಆಕೆಯನ್ನು ಕೆಲಸದಿಂದ ತೆಗೆಯುವಂತಿಲ್ಲ.

‘ಅವರು ಟೆಂಪರರಿ, ಅವರಿಗೆ ಇದೆಲ್ಲ ಇಲ್ಲ’ ಎಂಬ ಮಾತನ್ನು ನಮ್ಮ ನಡುವೆಯೂ ಕೇಳಿದ್ದೇನೆ. ಅದು ತಪ್ಪು. ದಿನಗೂಲಿ ಮಹಿಳೆಯರಿಗೂ ಈ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿ ದೆಹಲಿ ಮಹಾನಗರಪಾಲಿಕೆಯ ಪ್ರಕರಣದಲ್ಲಿ ಹೇಳಿತು. ಗುತ್ತಿಗೆಯ ಅವಧಿ ನಡುವೆ ಮುಗಿದರೂ ಸೌಲಭ್ಯ ನಿಲ್ಲದೆಂದು 2023ರಲ್ಲಿ ತೀರ್ಪಿತ್ತಿತು. ಆದರೆ ಹಣ ಸಿಕ್ಕಿತೆಂದರೆ ಕೆಲಸ ಉಳಿಯಿತೆಂದಲ್ಲ. ಗುತ್ತಿಗೆ ನವೀಕರಿಸದಿದ್ದರೆ ಮರಳಲು ಜಾಗವೇ ಇರುವುದಿಲ್ಲ.

ಇದಕ್ಕೆ ಒಂದು ಕಾರಣ ಖರ್ಚು. ಇಎಸ್‌ಐ ವ್ಯಾಪ್ತಿಯಲ್ಲಿರುವ ನೌಕರರಿಗೆ ರಜೆಯ ಹಣ ಆ ನಿಧಿಯಿಂದ ಬರುತ್ತದೆ. ಉಳಿದವರಿಗೆ ಪೂರ್ತಿ ಸಂಬಳವನ್ನು ಕೆಲಸ ಕೊಟ್ಟ ಸಂಸ್ಥೆಯೇ ಕೊಡಬೇಕು, ಬದಲಿಗೆ ಬಂದವರಿಗೂ ಕೊಡಬೇಕು. ಹತ್ತಿಪ್ಪತ್ತು ಜನರ ಸಣ್ಣ ಸಂಸ್ಥೆ ಹೊಸದಾಗಿ ಮದುವೆಯಾದ ಹುಡುಗಿಯನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುವುದು ಇಲ್ಲಿಂದಲೇ. ಈ ಭಾರ ಒಬ್ಬ ಮಾಲೀಕನ ಮೇಲೆ ಬೀಳದೆ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಬರಬೇಕೆಂಬುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಪ್ಪಂದದ ನಿಲುವು. ಭಾರತ ಅದಕ್ಕೆ ಸಹಿ ಮಾಡಿಲ್ಲ. ನನಗೆ ಇದು 26 ವಾರಗಳ ಸಂಖ್ಯೆಗಿಂತ ದೊಡ್ಡ ವಿಷಯವಾಗಿ ಕಾಣುತ್ತದೆ.

ಇನ್ನೊಂದು ತೊಡಕು ಮಗುವಿನದು. ಹೆರಿಗೆಗೆ 8 ವಾರ ಮೊದಲೇ ರಜೆ ಹಾಕಿದವರಿಗೆ ನಂತರ ಉಳಿಯುವುದು 18 ವಾರ. ಅಂದರೆ ಮಗುವಿಗೆ ನಾಲ್ಕು ತಿಂಗಳು ದಾಟುವಾಗಲೇ ಕರೆ ಬರುತ್ತದೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು. ಸಣ್ಣ ಸಂಸ್ಥೆಗಳಲ್ಲಿ ಈ ಕೇಂದ್ರ ಕಡ್ಡಾಯವಿಲ್ಲ, ಅಜ್ಜಿಯೇ ಗತಿ. ಆದರೂ ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆರಡು ಬಿಡುವು ಕೇಳುವ ಹಕ್ಕಿದೆ. ಮನೆಯಿಂದಲೇ ಮಾಡಬಹುದಾದ ಕೆಲಸವಾದರೆ ಪರಸ್ಪರ ಒಪ್ಪಿಕೊಂಡು ಹಾಗೂ ಮಾಡಬಹುದು.

ಈ ಸೌಲಭ್ಯಗಳನ್ನು ನೇಮಕದ ಸಮಯದಲ್ಲೇ ಬರಹದಲ್ಲಿ ತಿಳಿಸಬೇಕೆಂಬ ನಿಯಮವೂ ಇದೆ. ನಮ್ಮ ಸಂಸ್ಥೆಗಳ ನೇಮಕಪತ್ರಗಳಲ್ಲಿ ಆ ಸಾಲು ಇದೆಯೇ ಎಂದು ಆಡಳಿತ ನೋಡಿಕೊಳ್ಳುವವರು ಈ ವಾರವೇ ತೆಗೆದು ನೋಡಲಿ.